ಸಮುದ್ರದ ನೀರುಗಂಟಿ

ಮಂಗಳೂರಿನ ಬೀಚಿನಲ್ಲಿ ಐಸ್‌ಕ್ರೀಮ್ ಮಾರೋ ಕೆಲಸ ನಂದು. ಒಂದಿನ ನಮ್ಮ ಕೊರಟಗೆರೆ ಸೀಮೆಯ ಹೊಳವನಹಳ್ಳಿಯಿಂದ ಟೂರು ಬಸ್ಸು ಬಂತು. ಅದರಿಂದ ಇಳಿದ ಅಜ್ಜಿಯೊಬ್ಬರು ಅಲೆ ನೋಡ್ತಾ, "ನೀರು ಯಾಕ್ಲಾ ಇಂಗೆ ಬತ್ತದೆ, ಓಯ್ತದೆ?" ಅಂದರು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ನಮ್ಮೂರ ಕೆರೆ ತೂಬು ಎತ್ತಿ ಇಳಿಸೋಕೆ ನೀರುಗಂಟಿ ಇಲ್ವಾ ಅಜ್ಜಿ? ಸಮುದ್ರಕ್ಕೂ ಒಬ್ಬ ಅವ್ನೆ. ಬೋಟು, ಮೀನು, ಹೋಟ್ಲು, ದಿನಾ ಏಳ್ತಿರೋ ಅಪಾರ್ಟ್‌ಮೆಂಟು, ಈ ಊರಿನ ಯಾಪಾರವೆಲ್ಲ ಅವನ ಕೈಲೇ. ಅವನು ನಾನೇ!"

ಅಷ್ಟರಲ್ಲಿ ಅಲೆಯೊಂದು ಅಜ್ಜಿಯ ಚಪ್ಪಲಿ ಎಳಕೊಂಡು ಹೋಯಿತು. ಅಜ್ಜಿ ನನ್ನ ಕಾಲರ್ ಹಿಡಿದರು.

"ಲೇ ನೀರುಗಂಟಿ, ತೂಬು ಎತ್ತಿ ನೀರು ಬುಡ್ಲಾ! ಮಗಳು ಕೊಡಿಸಿದ ಹೊಸ ಚಪ್ಲಿ ಕಣ್ಲಾ!"

ಬಸ್ಸಿನ ಜನವೆಲ್ಲ ಸುತ್ತ ನಿಂತರು. ಬೇರೆ ದಾರಿ ಕಾಣದೆ, ಮರಳಲ್ಲಿ ನೆಟ್ಟಿದ್ದ ನಮ್ಮಂಗಡಿಯ ಕೊಡೆಯನ್ನೇ ತೂಬು ಎತ್ತೋ ಹಂಗೆ ಹಿಡಿದು ಮೇಲಕ್ಕೆತ್ತಿದೆ. ದೇವರಾಣೆ, ಮುಂದಿನ ಅಲೆ ಚಪ್ಪಲಿ ತಂದು ಅಜ್ಜಿಯ ಕಾಲ ಬಳಿ ಹಾಕಿತು.

ನೀರುಗಂಟಿಯ ಪಾಲು ಅಂತ ಅಜ್ಜಿ ಮಡಿಲಿಂದ ಒಂದು ಬೊಗಸೆ ಹುರಿದ ಕಡಲೆಕಾಯಿ ಕೊಟ್ಟರು. ಆಮೇಲೆ ಸೊಂಟಕ್ಕೆ ಕೈ ಇಟ್ಟು ಕೇಳಿದರು: "ಇಷ್ಟು ನೀರು ಇಟ್ಕಂಡು, ಬತ್ತೋಗಿರೋ ನಮ್ಮೂರ ಕೆರೆ ಕಡೀಕೆ ಯಾಕ್ಲಾ ಒಂದಿನಾನೂ ಬುಟ್ಟಿಲ್ಲ?"

ಈಗ ನಮ್ಮ ಕಡೆಯ ಬಸ್ಸು ಬಂದರೆ ಐಸ್‌ಕ್ರೀಮ್ ಪೆಟ್ಟಿಗೆ ಹಿಂದೆ ಬಗ್ಗಿ ಕೂತುಬುಡ್ತೀನಿ.