ಒಂದು ನಂಬರಿಗೆ ಹತ್ತು ನೆಂಟರು

ಸರ್ಕಾರಿ ಕಚೇರಿಯ ಗೇಟಿನ ಪಕ್ಕ ಮೇಜು ಹಾಕಿಕೊಂಡು ಮೂವತ್ತೆಂಟು ವರ್ಷದಿಂದ ಊರವರ ಅರ್ಜಿ ಬರೆಯುವ ಮುದುಕನನ್ನು ಎಲ್ಲರೂ ಕರೆಯುವುದು ಅರ್ಜಿ ಮಾವ ಎಂದು. ಮದುವೆಯಾಗಲಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಆದರೂ ಕಚೇರಿಯ ಕಂಪ್ಯೂಟರಿನಲ್ಲಿ ಅವನಷ್ಟು ನೆಂಟರಿರುವವರು ಇನ್ನೊಬ್ಬರಿಲ್ಲ.

ಅದಾದದ್ದು ಹೀಗೆ. ಅರ್ಜಿಗಳು ಕಾಗದ ಬಿಟ್ಟು ಕಂಪ್ಯೂಟರ್ ಹತ್ತಿದ ಮೇಲೆ ಪ್ರತಿಯೊಂದಕ್ಕೂ ಮೊಬೈಲ್ ನಂಬರ್ ಬೇಕಾಯಿತು. ಫೋನಿಲ್ಲದವರು ಮುಖ ಸಣ್ಣದು ಮಾಡಿಕೊಂಡು ನಿಂತರೆ, "ನಂದೇ ಹಾಕೋಣ ಬಿಡಿ" ಎನ್ನುತ್ತಿದ್ದ ಮಾವ. ನಂಬರ್ ಮನೆಯವರದ್ದೇ ಆಗಿರಬೇಕೆಂಬ ನಿಯಮವೇನೋ ಇತ್ತು. ಆದರೆ ಸಂಬಂಧದ ಕಾಲಂ ತುಂಬುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಇಸ್ತ್ರಿ ಮಾಡುವವನು ಅಣ್ಣನಾದ, ತರಕಾರಿಯವಳು ನಾದಿನಿಯಾದಳು, ಗಾರೆ ಕೆಲಸದವ ಭಾವನಾದ. ಓಟಿಪಿ ಬಂದಾಗಲೆಲ್ಲ ಮಾವನೇ ಅವರವರ ಬಾಗಿಲಿಗೆ ಓಡುತ್ತಿದ್ದ.

ಊರಿಗೆಲ್ಲ ಅರ್ಜಿ ಬರೆದವನು ತನ್ನ ವೃದ್ಧಾಪ್ಯ ಪಿಂಚಣಿಗೆ ಮಾತ್ರ ಅರ್ಜಿ ಹಾಕಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಎಚ್ಚೆತ್ತಾಗ ಅದೇ ಕೊನೆಯ ದಿನ. ಎದುರಿಗೇ ಆನ್‌ಲೈನ್ ಅರ್ಜಿಯ ಅಂಗಡಿ ಇತ್ತು. ಆದರೆ ಅದರ ಒಡತಿಗೂ ಅವನಿಗೂ ಹಾವು ಮುಂಗುಸಿ. ಅವನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅವಳ ಕಡೆಗೇ ಹೋಗಿದ್ದರು. ಅವಳ ಮೆಟ್ಟಿಲು ಹತ್ತುವುದುಂಟೆ? ನೇರ ಕಚೇರಿಯ ಕೌಂಟರಿಗೇ ಹೋಗಿ ಸಾಲಿನಲ್ಲಿ ನಿಂತ.

ಗುಮಾಸ್ತ ನಂಬರ್ ಒತ್ತಿ ನಕ್ಕ. "ಇದು ಭರ್ತಿಯಾಗಿದೆ ಮಾವ. ಒಂದು ನಂಬರಿಗೆ ಹತ್ತೇ ಜನ. ಅದ್ಸರಿ, ಮದುವೇನೇ ಆಗಿಲ್ಲ, ಇಬ್ಬರು ಅತ್ತೆಯರು ಎಲ್ಲಿಂದ ಬಂದ್ರು?"

"ಒಬ್ಬರು ಸೋದರತ್ತೆ ಅಂದ್ಕೊಳಪ್ಪ."

"ಯಾರನ್ನಾದ್ರೂ ಒಬ್ಬರನ್ನ ತೆಗೆದ್ರೆ ನಿಮ್ಮದು ಸೇರುತ್ತೆ. ತೆಗೆದವರಿಗೆ ಬೇರೆ ನಂಬರ್ ಕೊಡೋವರೆಗೂ ಸರ್ಕಾರದ ದುಡ್ಡು ಬರಲ್ಲ, ಅಷ್ಟೇ. ಬೇಗ ಹೇಳಿ, ಐದಕ್ಕೆ ಮುಚ್ಚಿಬಿಡುತ್ತೆ."

ಮಾವ ಕನ್ನಡಕ ಏರಿಸಿಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದ. ಅಣ್ಣನ ಕೈ ನಡುಗುತ್ತದೆ. ನಾದಿನಿಗೆ ಮೂರು ಮಕ್ಕಳು. ಇತ್ತ ತನ್ನ ಕಣ್ಣೂ ಮಂಜಾಗುತ್ತಿದೆ, ಬರೆದು ತಿನ್ನುವುದು ಇನ್ನೆಷ್ಟು ದಿನವೋ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಇರ್ಲಿ ಬಿಡು. ಯಾರನ್ನೂ ತೆಗೀಬೇಡ" ಎಂದು ಚೀಲ ಎತ್ತಿಕೊಂಡ.

ಸಾಲಿನಲ್ಲಿ ಅವನ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಎದುರಂಗಡಿಯವಳು ತನ್ನ ಕಡತಗಳನ್ನು ಕೌಂಟರಿನ ಮೇಲೆ ಕುಕ್ಕಿದಳು. "ನನ್ನ ನಂಬರ್ ಹಾಕಿ."

"ಮನೆಯವರದ್ದೇ ಆಗಬೇಕು. ಇವರಿಗೆ ನೀವೇನಾಗ್ಬೇಕು?"

ಹತ್ತು ಜನಕ್ಕೆ ಸಲೀಸಾಗಿ ಸಂಬಂಧ ಹೊಂದಿಸಿದ್ದ ಮಾವ ತನ್ನ ಸರದಿ ಬಂದಾಗ ಚೀಲದ ದಾರ ಬಿಗಿಯತೊಡಗಿದ.

"ಮಗಳು" ಎಂದಳು ಅವಳು. "ಬೇಗ ಬರ್ಕೊಳ್ಳಿ, ಐದಾಗ್ತಾ ಬಂತು."

ಓಟಿಪಿ ಬಂತು. ಅವಳು ಫೋನನ್ನು ಮಾವನ ಕೈಗಿತ್ತಳು. ಆರೇ ಅಂಕಿ, ಎಷ್ಟು ಕಣ್ಣುಜ್ಜಿಕೊಂಡರೂ ಒಂದೂ ಕಾಣಲಿಲ್ಲ.

"ಕೊಡಪ್ಪ ಇಲ್ಲಿ" ಎಂದು ಅವಳೇ ಓದಿ ಹೇಳಿದಳು.