ಅವ್ವ ಹಚ್ಚಿದ ಲೋಳೆಸರ

ಯಲಬುರ್ಗಾದ ನಮ್ಮ ಮನೆಯ ಪಡಸಾಲೆಯ ಕಿಟಕಿಯಲ್ಲಿ ಒಂದು ಲೋಳೆಸರದ ಗಿಡವಿತ್ತು. ಬಾಯಿ ಒಡೆದ ಹಳೆಯ ಗಡಿಗೆಯಲ್ಲಿ ಅದನ್ನು ಹಚ್ಚಿದವಳು ನಮ್ಮ ಅವ್ವ. ನನ್ನನ್ನು ಹೆತ್ತ ಬಾಣಂತನದಲ್ಲೇ ಅವಳು ಹೋದಳು. ಗಂಗಾವತಿ ಕಡೆಯ ಅಜ್ಜಿ ನನ್ನನ್ನು ಒಯ್ದು ಸಾಕಿದಳು, ಅಕ್ಕ ಅಪ್ಪನ ಬಳಿ ಉಳಿದಳು. ಅಜ್ಜಿ ತೀರಿದ ಮೇಲೆ ನಾನು ತಿರುಗಿ ಬಂದೆ. ಇನ್ನೂ ನಿಜಾಮರ ರಾಜ್ಯವಿದ್ದ ಕಾಲ. ನನಗೆ ಆಗ ಎಂಟು ವರ್ಷ, ಎರಡು ವರ್ಷ ಸಾಲಿಗೆ ಹೋಗಿದ್ದೆ, ಅಷ್ಟೇ. ಅಕ್ಕನಿಗೆ ಅವ್ವನ ಮುಖ, ದನಿ, ಬೈಗುಳ ಎಲ್ಲ ನೆನಪಿದ್ದವು. ನನ್ನ ಪಾಲಿಗೆ ಏನೂ ಇರಲಿಲ್ಲ. ಆ ಗಿಡದಲ್ಲಾದರೂ ನನ್ನದೊಂದು ಪಾಲಿರಲಿ ಎಂದು ಆಸೆಯಾಯಿತು.

ಅಜ್ಜಿಯದು ಕಾಲುವೆಯ ಊರು. ನೀರು ನಿಂತಿದ್ದರೆ ಬೆಳೆ ಸುಖವಾಗಿದೆ ಎಂದು ಭತ್ತದ ಗದ್ದೆ ನೋಡಿ ಕಲಿತವಳು ನಾನು. ಅವ್ವನ ಗಿಡ ಒಣಮಣ್ಣಿನಲ್ಲಿ ನಿಂತಿದ್ದು ನೋಡಿ ಸಂಕಟವಾಯಿತು. ಅಕ್ಕ ಹತ್ತಿ ಬಿಡಿಸಲು ಹೋದ ಕೂಡಲೇ ಗಡಿಗೆಗೆ ನೀರು ಸುರಿಯುತ್ತಿದ್ದೆ. ಅದೂ ಅವಳೇ ಊರಾಚೆಯ ಬಾವಿಯಿಂದ ಹೊತ್ತು ತಂದ ನೀರು. ತಳದ ತೂತಿನಿಂದ ಸೋರಿಹೋಗುತ್ತದೆಂದು, ಗದ್ದೆಯ ಬದುವಿಗೆ ಮೆತ್ತುವ ಹಾಗೆ ಅಲ್ಲಿಗೆ ಜೇಡಿಮಣ್ಣು ಮೆತ್ತಿದೆ. ಎಲೆಗಳು ಹಳದಿಯಾದವು. ಬಾಯಾರಿದೆ ಎಂದುಕೊಂಡು ಇನ್ನಷ್ಟು ಹಾಕಿದೆ.

ಮನೆಯಲ್ಲಿ ಅಪ್ಪನ ಅಕ್ಕ, ನಮ್ಮ ಅತ್ತೆ, ಇದ್ದಳು. ಅವಳ ಕಣ್ಣುಗಳು ಮಂಜಾಗಿದ್ದವು. ಕಣ್ಣುರಿ ಕಡಿಮೆಯಾಗಲೆಂದು ಅಕ್ಕ ಲೋಳೆಸರದ ತಿರುಳು ಕಟ್ಟುತ್ತಿದ್ದಳು. ಒಂದು ಸಂಜೆ ಎಲೆ ಮುರಿಯಲು ಹೋದರೆ ಇಡೀ ಗಿಡವೇ ಅವಳ ಕೈಗೆ ಬಂತು. ಬುಡ ಕಪ್ಪಾಗಿ, ಸುಟ್ಟ ಬದನೆಕಾಯಿಯಂತೆ ಮೆತ್ತಗಾಗಿ ನಾರುತ್ತಿತ್ತು.

“ಅತ್ತಿ, ನೀ ಏನರ ಇದರಾಗ ಕೈ ತೊಳಿತಿದ್ದೇನು?” ಎಂದಳು ಅಕ್ಕ.

“ತೊಳದಿದ್ರೂ ತೊಳದಿರಬೇಕವ್ವ. ನನಗೆಲ್ಲಿ ಕಾಣತೈತಿ?”

ನಾನು ಬಾಗಿಲ ಹಿಂದೆ ನಿಂತಿದ್ದೆ. ಅಲ್ಲೇ ಬಾಯಿಬಿಡಬೇಕಿತ್ತು, ಬಿಡಲಿಲ್ಲ. ಮಾಡದ ತಪ್ಪನ್ನು ಅತ್ತೆ ಒಪ್ಪಿಕೊಂಡಳು, ನಾನು ಒಪ್ಪಿಕೊಳ್ಳಲು ಬಿಟ್ಟೆ.

ಅಕ್ಕ ಅಳುತ್ತಲೇ ಕುಡಗೋಲು ತಂದು, ಬಿಳಿಯ ತಿರುಳು ಕಾಣುವವರೆಗೆ ಬುಡವನ್ನು ಕೊಯ್ದಳು. ಉಳಿದದ್ದು ನಡುವಿನ ನಾಲ್ಕಾರು ಎಲೆ. ದೃಷ್ಟಿಗೆಂದು ಬಾಗಿಲಿಗೆ ಕಟ್ಟಿದ ಲೋಳೆಸರ ಮಣ್ಣು ನೀರಿಲ್ಲದೆ ವರ್ಷಗಟ್ಟಲೆ ಬದುಕುತ್ತದಲ್ಲ, ಇದನ್ನೂ ಹಾಗೇ ಕಟ್ಟು ಎಂದಳು ಅತ್ತೆ. ಗಾಯಕ್ಕೆ ಒಲೆಯ ಬೂದಿ ಹಚ್ಚಿ ತಲೆಬಾಗಿಲಿಗೆ ತೂಗುಬಿಟ್ಟೆವು. ಗಡಿಗೆ ತೆರವು ಮಾಡುವಾಗ ಜೇಡಿಮಣ್ಣಿನ ಮುದ್ದೆ ಅಕ್ಕನ ಕೈಗೆ ಸಿಕ್ಕಿತು. ಅದರ ಮೇಲಿನ ಸಣ್ಣ ಬೆರಳುಗಳ ಗುರುತನ್ನು ನೋಡಿದಳು, ನನ್ನನ್ನು ನೋಡಿದಳು, ಮುದ್ದೆಯನ್ನು ಹಿತ್ತಲಿಗೆ ಒಗೆದಳು.

ಆಮೇಲೆ ಅತ್ತೆ ಕೈ ತೊಳೆಯಲು ಎದ್ದಾಗಲೆಲ್ಲ ಗೋಡೆ ತಡವುತ್ತಾ ಹಿತ್ತಲವರೆಗೂ ಹೋಗುತ್ತಿದ್ದಳು. ಅದನ್ನು ನೋಡಲಾರದೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ತೂಗುಬಿದ್ದ ಎಲೆಗಳು ಸುಕ್ಕುಗಟ್ಟುತ್ತಾ ಬಂದವು. ಗಿಡ ಸತ್ತಿತೆಂದೇ ತಿಳಿದೆ. ಒಂದು ಮುಂಜಾನೆ ಕಸ ಗುಡಿಸುತ್ತಾ ತಲೆಯೆತ್ತಿದೆ. ಕೊಯ್ದ ಜಾಗದಲ್ಲಿ ಅಕ್ಕಿಕಾಳಿನಷ್ಟು ಬೇರಿನ ತುದಿಗಳು ಹೊರಟಿದ್ದವು. ಕಸಬರಿಗೆ ಒಗೆದು ಅತ್ತೆಯ ಬಳಿ ಓಡಿದೆ.

“ಅತ್ತಿ, ಬೇರ ಬಂದಾವ. ನೀರ ಹಾಕಿದಾಕಿ ನಾನ, ನೀ ಅಲ್ಲ.”

ಅತ್ತೆ ತನ್ನ ಎರಡೂ ಅಂಗೈಗಳನ್ನು ಒಂದಕ್ಕೊಂದು ಸವರಿಕೊಂಡಳು. “ಹಂಗಾರ ನನ್ನ ಕೈ ಛಲೋ ಅದಾವ ಬಿಡು,” ಎಂದಳು.

ಹಳ್ಳದ ಉಸುಕು ತಂದು, ತೂತು ತೆರೆದು, ನಾನೇ ಗಿಡ ನೆಟ್ಟೆ. ಮುಂದಿನ ಮಳೆಗಾಲಕ್ಕೆ ಸುತ್ತಲೂ ಮರಿಗಳೆದ್ದವು, ಗಡಿಗೆ ಹಿಡಿಸಲಿಲ್ಲ. ಓಣಿಯವಳೊಬ್ಬಳು ಒಂದು ಮರಿ ಕೇಳಲು ಬಂದಾಗ ಅಕ್ಕ ರೊಟ್ಟಿ ಬಡಿಯುತ್ತಲೇ, “ನನ್ನ ತಂಗೀನ ಕೇಳ್ರಿ, ಗಿಡ ಆಕಿದು,” ಎಂದಳು. ನಾನು ಎಲ್ಲಕ್ಕಿಂತ ದೊಡ್ಡ ಮರಿಯನ್ನೇ ಬಿಡಿಸಿ ಅವಳ ಕೈಗಿತ್ತು, ನೀರು ಹೆಚ್ಚು ಹಾಕಬೇಡಿ ಎಂದು ದೊಡ್ಡವರ ಹಾಗೆ ಹೇಳಿದೆ. ಮೂಲೆಯಲ್ಲಿ ಕುಳಿತಿದ್ದ ಅತ್ತೆ ಕೆಮ್ಮು ಬರುವ ತನಕ ನಕ್ಕಳು.