ನನ್ನ ಸೆರಗು, ಮಗಳ ಟೀಕಾ

ಸೀರೆಗೆ ಸೆರಗೆಂಬುದನ್ನು ಮೊದಲು ಯಾರು ಬಿಟ್ಟರೋ ನನಗೆ ಗೊತ್ತಿಲ್ಲ. ಆದರೆ ಆಕೆಯ ಮನೆಯಲ್ಲಿ ಬೇರೆ ಒರೆಸುವ ಅರಿವೆ ಇರಲಿಲ್ಲ ಎಂಬುದನ್ನು ಮಾತ್ರ ಧೈರ್ಯದಿಂದ ಹೇಳಬಲ್ಲೆ. ಒಲೆಯ ಮೇಲಿನ ಬೋಗುಣಿ ಇಳಿಸಲು ಸೆರಗು, ಹಣೆಯ ಬೆವರಿಗೆ ಸೆರಗು, ಕೂಸಿನ ಮೂಗಿಗೆ ಸೆರಗು, ಸಂತೆಯ ಬೆಳ್ಳುಳ್ಳಿ ಗಂಟು ಕಟ್ಟಲು ಸೆರಗು. ಹಿರಿಯರು ಎದುರಾದರೆ ತಲೆಯ ಮೇಲೆ ಸೆರಗು, ಅವರು ದಾಟಿಹೋದ ಮೇಲೆ ಬಾಯಿಗೆ ಅಡ್ಡ ಹಿಡಿದು ನಗಲು ಅದೇ ಸೆರಗು. ಈಗಿನ ಹುಡುಗಿಯರು ಅದನ್ನು ನೆರಿಗೆ ಹಿಡಿದು ಹೆಗಲಿಗೆ ಪಿನ್ನು ಚುಚ್ಚಿ ನಿಲ್ಲಿಸಿಬಿಟ್ಟಿದ್ದಾರೆ. ನನ್ನ ಮಗಳು ಮಹಾನಂದಾ ಚಿತ್ತಾಪುರದ ಹೈಸ್ಕೂಲಿನಲ್ಲಿ ಟೀಚರು. ಅವಳ ಸೆರಗು ನೋಡಲಿಕ್ಕೆ ಚೆಂದ. ಅದರಿಂದ ಒಂದು ಲೋಟವನ್ನಾದರೂ ಒರೆಸಿದ್ದನ್ನು ನಾನು ಕಂಡಿಲ್ಲ.

ನನ್ನ ಓದು ಉರ್ದು ಶಾಲೆಯ ಎರಡನೇ ಇಯತ್ತೆಗೆ ನಿಂತಿತು. ಹೈದರಾಬಾದ್ ಸಂಸ್ಥಾನದ ಕಾಲ ಅದು; ಸೇಡಂ ಹತ್ತಿರದ ನಮ್ಮ ಊರಿನಲ್ಲಿ ಶಾಲೆಯೆಂದರೆ ಉರ್ದು ಶಾಲೆಯೇ. ಕನ್ನಡ ಅಕ್ಷರ ನನಗೆ ಬಂದದ್ದು ಮಗಳ ಪಾಟಿಯಿಂದ. ಅವಳು ಬರೆದದ್ದನ್ನು ಒರೆಸುವ ಕೆಲಸ ನನ್ನ ಸೆರಗಿನದಾಗಿತ್ತು; ಏನಿದೆಯೆಂದು ನೋಡದೆ ಒರೆಸುವುದು ನನ್ನ ಜೀವಕ್ಕೆ ಒಗ್ಗಲಿಲ್ಲ. ಹಾಗೆ ಅವಳ ಜೊತೆಗೇ ಅಕ್ಷರ, ಕಾಗುಣಿತ, ಒತ್ತು ಎಲ್ಲ ಕಲಿತೆ. ಅವಳು ಪುಸ್ತಕಕ್ಕೆ ಹೋದಳು, ನಾನು ಪಾಟಿಯ ಹತ್ತಿರವೇ ಉಳಿದೆ. ಆದ್ದರಿಂದ ನನ್ನ ಬರಹದಲ್ಲಿ ತಪ್ಪು ಕಂಡರೆ ನೀವು ನನ್ನನ್ನಲ್ಲ, ಅವಳ ಒಂದನೇ ಇಯತ್ತೆಯ ಮಾಸ್ತರರನ್ನು ಬೈಯಬೇಕು.

ಈ ಸೆರಗು ಜನ್ಮದಲ್ಲಿ ಏನೇನನ್ನು ಒರೆಸಿದೆಯೋ ಲೆಕ್ಕವಿಲ್ಲ. ಅದರಲ್ಲಿ ಒಂದನ್ನು ಮಾತ್ರ ಒರೆಸಬಾರದಿತ್ತು.

ಮಹಾನಂದಾಗೆ ಆಗ ವರ್ಷ ತುಂಬಿತ್ತು. ನಮ್ಮ ಮನೆಯವರು ವಾಡಿ ಜಂಕ್ಷನ್ನಿನಲ್ಲಿ ರೈಲಿನ ಹಳಿ ಬದಲಿಸುವ ಕೆಲಸದಲ್ಲಿದ್ದರು. ನಾವಿದ್ದದ್ದು ರೈಲ್ವೆ ಕ್ವಾರ್ಟರ್ಸಿನ ಸಾಲುಮನೆಯಲ್ಲಿ. ಸಿಡುಬಿನ ಟೀಕಾ, ಅಂದರೆ ಲಸಿಕೆ, ಹಾಕುವವನು ವರ್ಷಕ್ಕೊಮ್ಮೆ ತಗಡಿನ ಪೆಟ್ಟಿಗೆ ಹಿಡಿದು ಬರುತ್ತಿದ್ದ. ಕೂಸಿನ ತೋಳಿನ ಮೇಲೆ ಮದ್ದಿನ ಹನಿ ಬಿಟ್ಟು, ಹಲ್ಲುಳ್ಳ ಪುಟ್ಟ ಚಕ್ರವನ್ನು ಅದರ ಮೇಲೆ ಒತ್ತಿ ತಿರುಗಿಸುವನು. ಕೂಸು ಕಿಟಾರನೆ ಕಿರುಚುವುದು. ಅವನು ಉರ್ದುವಿನಲ್ಲಿ ಚೀಟಿ ಬರೆದುಕೊಟ್ಟು ಮುಂದಿನ ಮನೆಗೆ ನಡೆಯುವನು. ಅವನು ಅಲ್ಲಿಯ ಹೊಸ್ತಿಲು ತುಳಿಯುವಷ್ಟರಲ್ಲಿ ಇಲ್ಲಿಯ ತಾಯಿ ಸೆರಗಿನ ತುದಿಯನ್ನು ಅರಿಷಿಣದ ನೀರಿನಲ್ಲಿ ಅದ್ದಿ ಕೂಸಿನ ತೋಳನ್ನು ಒರೆಸಿಬಿಡುವಳು. ಇದು ಸಾಲಿಗೆ ಸಾಲೇ ನಡೆಸಿಕೊಂಡು ಬಂದಿದ್ದ ಪದ್ಧತಿ. ಟೀಕಾದವನನ್ನು ಬಾಗಿಲಿನಿಂದ ಅಟ್ಟಿದರೆ ಸರ್ಕಾರಕ್ಕೆ ಸಿಟ್ಟು, ಟೀಕಾ ಹಾಕಿಸಿಕೊಂಡರೆ ಸಿಡುಬಿನ ಒಡತಿ ಪೋಚಮ್ಮನಿಗೆ ಸಿಟ್ಟು. ಹಾಕಿಸಿಕೊಂಡು ಒರೆಸಿದರೆ ಇಬ್ಬರಿಗೂ ಮರ್ಯಾದೆ ಕೊಟ್ಟಂತಾಯಿತು. "ಆಕಿ ಕರೀದೇ ಬರಾಕಿ, ಕರದ್ರ ಬಿಡತಾಳೇನು?" ಎಂದು ನನ್ನ ಅತ್ತೆ ಅರಿಷಿಣದ ನೀರು ಮೊದಲೇ ಕಲಸಿ ಇಟ್ಟಿರುತ್ತಿದ್ದಳು.

ನಾನು ಖರೇ ಹೇಳಿಬಿಡುತ್ತೇನೆ, ನನಗೆ ಪೋಚಮ್ಮನ ಭಯ ಅಷ್ಟಿರಲಿಲ್ಲ. ಟೀಕಾ ಎದ್ದು ಗುಳ್ಳೆಯಾದರೆ ಕೂಸಿಗೆ ಜ್ವರ ಬರುತ್ತದೆ, ಕಂಕುಳಿನಿಂದ ಇಳಿಯುವುದಿಲ್ಲ. ಅದೇ ವಾರ ತವರಿನಲ್ಲಿ ನನ್ನ ತಮ್ಮನ ಮದುವೆ. ಜ್ವರದ ಕೂಸನ್ನು ಹೊತ್ತು ಮದುವೆಗೆ ಹೋಗುವ ಮನಸ್ಸು ನನಗಿರಲಿಲ್ಲ. ಒರೆಸಿದೆ. ಮದುವೆಯಲ್ಲಿ ಹೊಟ್ಟೆ ತುಂಬ ಹೋಳಿಗೆ ಉಂಡೆ. ಕೂಸಿನ ತೋಳು ಒಂದು ಕಲೆಯೂ ಇಲ್ಲದೆ ಮಾಯಿತು. ಮರುವರ್ಷ ಟೀಕಾದವನಿಗೆ ಚೀಟಿ ತೋರಿಸಿ ಕಳಿಸಿ, ಅದನ್ನು ಟ್ರಂಕಿನ ತಳಕ್ಕೆ ಹಾಕಿ ಮರೆತುಬಿಟ್ಟೆ.

ಮರೆತದ್ದು ಎದ್ದುಬಂದದ್ದು ಮಹಾನಂದಾಗೆ ಕಲಬುರ್ಗಿಯ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಾಗ. ವಾಡಿಯಿಂದ ದಿನಾ ರೈಲಿನಲ್ಲಿ ಹೋಗಿಬರಬಹುದಿತ್ತಲ್ಲ ಎನ್ನುವಿರಿ. ರೈಲಿನ ಹೊತ್ತು ನಂಬುವವರು ರೈಲಿನಲ್ಲಿ ಕೆಲಸ ಮಾಡದವರು. ನಮ್ಮ ಮನೆಯವರು ಒಂದೇ ಮಾತಿನಲ್ಲಿ ಮುಗಿಸಿದರು: "ಹಾಸ್ಟೆಲ್ ಸಿಕ್ಕರ ಕಾಲೇಜು, ಇಲ್ಲಂದ್ರ ಮನಿ." ಅವರು ಹಳಿ ಬದಲಿಸುತ್ತಿದ್ದರೇ ಹೊರತು ಮಾತು ಬದಲಿಸುತ್ತಿರಲಿಲ್ಲ.

ಆ ವರ್ಷ ಉತ್ತರದ ಕಡೆ ಸಿಡುಬು ಜೋರಾಗಿ ಹಬ್ಬಿತ್ತು. ದೂರದ ಗಾಡಿಗಳೆಲ್ಲ ನಮ್ಮ ಜಂಕ್ಷನ್ನಿನಲ್ಲಿ ನಿಂತು ಹೋಗುವುದರಿಂದ ರೋಗವೂ ಇಳಿದೀತೆಂಬ ಹೆದರಿಕೆ ಎಲ್ಲರಿಗೂ ಇತ್ತು. ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಹಾಸ್ಟೆಲಿಗೆ ಸೇರುವವರು ಟೀಕಾದ ಚೀಟಿಯನ್ನೂ ತೋಳಿನ ಮೇಲೆ ಟೀಕಾದ ಗುರುತನ್ನೂ ತೋರಿಸಬೇಕು. ಮಗಳು ಅದನ್ನು ಓದಿ ತನ್ನ ತೋಳನ್ನು ನೋಡಿಕೊಂಡಳು.

"ಯವ್ವಾ, ಗುರುತೇ ಇಲ್ಲಲ್ಲ?"

"ಬೆಳಕೋತ ಬೆಳಕೋತ ಅಳಿಸಿರಬೇಕು. ಚೀಟಿ ಅದ, ಹೆದರಬ್ಯಾಡ," ಎಂದೆ. ಗುರುತು ಬೆಳೆದಂತೆ ಅಗಲವಾಗುತ್ತದೆಯೇ ಹೊರತು ಅಳಿಯುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮನೆಯವರಿಗೆ ಡ್ಯೂಟಿ ಇತ್ತು, ಹೀಗಾಗಿ ನಾನೇ ಅವಳ ಜೊತೆಗೆ ಹೋದೆ. ಹಾಸ್ಟೆಲಿನ ವರಾಂಡದಲ್ಲಿ, ತಣ್ಣಗಿನ ಶಹಾಬಾದಿ ಪರಸಿಕಲ್ಲಿನ ನೆಲದ ಮೇಲೆ, ತಾಯಂದಿರೂ ಟ್ರಂಕುಗಳೂ ಖಡಕ್ ರೊಟ್ಟಿಯ ಗಂಟುಗಳೂ ಒಂದೇ ಸಾಲಿನಲ್ಲಿ ಕುಳಿತಿದ್ದೆವು. ಮೇಜಿನ ಹಿಂದೆ ಮೇಟ್ರನ್ ರಜಿಯಾ ಬೇಗಂ. ಆಳು ನನ್ನ ಹೆಗಲಿಗೆ ಬಂದಾಳು, ದನಿ ಮಾತ್ರ ಸ್ಟೇಷನ್ನಿನ ಗಂಟೆ. ಹುಡುಗಿಯರು ಒಬ್ಬೊಬ್ಬರಾಗಿ ತೋಳು ಏರಿಸಿ ತೋರಿಸಿ ಒಳಗೆ ಹೋಗುತ್ತಿದ್ದರು. ನಮ್ಮ ಸರದಿ ಬಂತು. ಆಕೆ ಉರ್ದು ಚೀಟಿಯನ್ನು ನೀರು ಕುಡಿದಂತೆ ಓದಿದಳು. ಆಮೇಲೆ ಮಗಳ ತೋಳನ್ನು ಬೆಳಕಿಗೆ ತಿರುಗಿಸಿದಳು.

"ಚೀಟಿ ಅಂತದ ಹಾಕ್ಯಾರ, ತೋಳು ಅಂತದ ಇಲ್ಲ. ನಾ ಯಾರ ಮಾತ ಕೇಳಲ್ರಿ?"

"ಟೀಕಾದವ ಸರಿ ಹಾಕಿರಲಿಕ್ಕಿಲ್ರಿ ಬಾಯಾರ," ಎಂದೆ. ಆ ಪುಣ್ಯಾತ್ಮ ತೀರಿಕೊಂಡು ವರ್ಷಗಳಾಗಿದ್ದವು. ಎದ್ದುಬಂದು ಇಲ್ಲವೆನ್ನಲಾರ ಎಂಬ ಧೈರ್ಯ ನನಗಿತ್ತು.

"ಸರಿ ಹಾಕದಿದ್ರ ಮರುವರ್ಷ ಬಂದು ಮತ್ತ ಹಾಕ್ತಿದ್ದ. ಈ ಚೀಟಿ ಬ್ಯಾರೆ ಯಾವ್ದೋ ಹುಡುಗೀದು. ಮಂದಿ ಚೀಟಿ ತಂದೀರಿ."

ಆಗ ಮಹಾನಂದಾ, ಅಲ್ಲಿಯತನಕ ತಲೆ ತಗ್ಗಿಸಿ ನಿಂತವಳು, ಗದ್ದ ಎತ್ತಿ ಹೇಳಿದಳು: "ನಮ್ಮವ್ವ ಅಂಥಾಕಿ ಅಲ್ರಿ ಮೇಡಂ. ಆಕಿ ಸುಳ್ಳ ಹೇಳಂಗಿಲ್ಲ."

ಒಂದು ಏಟು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೇಟ್ರನ್ ಕೆಂಪು ಶಾಯಿಯ ಪೆನ್ನು ತೆಗೆದು ಮಗಳ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಸುಳ್ಳು ಚೀಟಿ ಅಂತ ಬರದು ಪ್ರಿನ್ಸಿಪಾಲರ ಕಡಿ ಕಳಸ್ತೀನಿ. ಅವ್ರು ಏನರ ಮಾಡ್ಲಿ."

"ತಡೀರಿ ಬಾಯಾರ," ಎಂದೆ. "ಚೀಟಿ ಆಕೀದೇ ಅದ. ಟೀಕಾನೂ ಆಕಿಗೇ ಹಾಕ್ಯಾರ. ಒರಸಿದಾಕಿ ನಾ."

"ಯಾತರ್ಲೆ?"

"ಸೆರಗಿಲೆ."

"ಯಾಕ?"

ವರಾಂಡವೆಲ್ಲ ನನ್ನನ್ನೇ ನೋಡುತ್ತಿತ್ತು. ಪೋಚಮ್ಮನ ಹೆಸರು ಹೇಳಿದ್ದರೆ ಮಾನ ಸ್ವಲ್ಪ ಉಳಿಯುತ್ತಿತ್ತೋ ಏನೋ. "ತಮ್ಮನ ಮದಿವಿ ಇತ್ರಿ," ಎಂದೆ.

ಹಿಂದಿನಿಂದ, ಚಿಂಚೋಳಿ ಕಡೆಯಿಂದ ಮಗಳನ್ನು ಕರೆತಂದಿದ್ದ ಒಬ್ಬಾಕೆ, "ನಿನಗ ಮದಿವಿನರ ಇತ್ತು ಎಕ್ಕಾ. ನಾ ಸುಮ್ನೇ ಒರಸೀನಿ," ಎಂದಳು. ಸಾಲಿಗೆ ಸಾಲೇ ಬಾಯಿಗೆ ಸೆರಗು ಹಿಡಿಯಿತು. ಕೆಂಪು ಪೆನ್ನು ಟೋಪಿ ಹಾಕಿಕೊಂಡು ಮೇಜಿನ ಮೇಲೆ ಮಲಗಿತು.

"ಮುಂಜಾನಿಂದ ಒರಸಿದವ್ರೊಳಗ ನೀವು ಐದನೇದವ್ರು," ಎಂದಳು ರಜಿಯಾ ಬೇಗಂ. "ಮೊದಲೇ ಹೇಳಿದ್ರ ಇಷ್ಟೊತ್ತಿಗಿ ಟೀಕಾ ಆಗಿ ಚಹಾ ಕುಡಿತಿದ್ರಿ. ನಡೀರಿ ಒಳಗ."

ಎಲ್ಲರೂ ನಗುತ್ತಿದ್ದರು. ಮಗಳು ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಗುರುತಿಲ್ಲದವರಿಗೂ ಹಾಸ್ಟೆಲಿನಲ್ಲಿ ಒಂದು ದಾರಿ ಇತ್ತೆಂಬುದು ಆಗ ತಿಳಿಯಿತು. ಅವತ್ತೇ ಟೀಕಾ ಹಾಕಿಸಿಕೊಂಡು ಎಂಟು ದಿನ ಬದಿಯ ಕೋಣೆಯಲ್ಲಿ ಬೇರೆಯಾಗಿ ಇರಬೇಕು. ಎಂಟನೇ ದಿನ ಡಾಕ್ಟರು ನೋಡುತ್ತಾರೆ. ಎದ್ದಿದ್ದರೆ ಹಾಸ್ಟೆಲಿನ ಜಾಗ ಗಟ್ಟಿ, ಏಳದಿದ್ದರೆ ಕಾದಿರುವ ಮತ್ತೊಬ್ಬ ಹುಡುಗಿಗೆ. ಆ ಎಂಟು ದಿನ ಹಾಜರಿ ಹೋಗುವುದಿಲ್ಲ, ಜ್ವರ ಬಂದರೆ ಗಂಜಿ, ಹಾಲು, ಗುಳಿಗೆ ಅಲ್ಲಿಯದೇ. ಮೇಲಿನ ತರಗತಿಯ ಹುಡುಗಿಯರು ಸಂಜೆ ಕಿಟಕಿಯ ಹೊರಗೆ ಕುಳಿತು ಆವತ್ತಿನ ಪಾಠವನ್ನು ಓದಿ ಹೇಳುತ್ತಾರೆ.

ಕಂಪೌಂಡರು ಎರಡು ಮೊನೆಯ ಸೂಜಿ ಹಿಡಿದು ನಿಂತಿದ್ದ. ನಾನು ಮಗಳ ಹತ್ತಿರ ಹೋಗುವ ಮುಂಚೆ ಮೇಟ್ರನ್ ಕೈ ಅಡ್ಡ ಹಿಡಿದಳು.

"ಮೊದಲ ಆ ಸೆರಗ ಟೊಂಕಕ್ಕ ಕಟ್ರಿ. ಬಿಗೀ ಕಟ್ರಿ."

ಕಟ್ಟಿದೆ. "ಈಗ ನಿಮ್ಮ ತೋಳು ತೋರಸ್ರಿ," ಎಂದಳು. ಏರಿಸಿದೆ. ಒರೆಸಿದ ಪಾಟಿಯಂತೆ ನುಣ್ಣಗಿತ್ತು. ನಮ್ಮವ್ವನಿಗೂ ಸೆರಗಿತ್ತಲ್ಲ.

ಹೀಗೆ ತಾಯಿ ಮಗಳು ಒಂದೇ ಬೆಂಚಿನ ಮೇಲೆ ಒಂದೇ ದಿನ ಚುಚ್ಚಿಸಿಕೊಂಡೆವು. ಒಣಗುವ ತನಕ ಮುಟ್ಟಬಾರದೆಂದು ಹೇಳಿ ಅವರು ಹೋದರು. ಮಗಳ ತೋಳಿನ ಮೇಲೆ ಒಂದು ಸಣ್ಣ ರಕ್ತದ ಹನಿ ಮೂಡಿತು. ನೀವು ನಂಬುವುದಿಲ್ಲ, ಅಷ್ಟೆಲ್ಲ ಆದ ಮೇಲೂ ನನ್ನ ಕೈ ಟೊಂಕದ ಗಂಟಿಗೆ ಹೋಯಿತು. ಹೆಣ್ಣಿನ ಕೈಗೆ ಬುದ್ಧಿ ತಲೆಯಿಂದ ಇಳಿದು ಬರಲು ಹೊತ್ತು ಹಿಡಿಯುತ್ತದೆ. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ, ಅವುಗಳ ಮೇಲೆ ಕುಳಿತೆ. ಮಗಳು ಅದನ್ನು ಓರೆಗಣ್ಣಿನಿಂದ ನೋಡಿದಳು. ಬೀಳ್ಕೊಡುವಾಗ "ರೊಟ್ಟಿ ಭಾಳ ತಂದಿ," ಎಂದಳಷ್ಟೆ.

ವಾಡಿಗೆ ಬಂದ ನಾಲ್ಕನೇ ದಿನ ನನ್ನ ತೋಳು ಊದಿ ಕುಂಬಳಕಾಯಿಯಾಯಿತು. ಜ್ವರ ಬಂತು. ಹಿಟ್ಟು ನಾದಲು ಕೈ ಏಳಲಿಲ್ಲ. ನಮ್ಮ ಮನೆಯವರೇ ರೊಟ್ಟಿ ಬಡಿದರು. ಅವು ರೈಲ್ವೆ ನಕ್ಷೆಯಂತೆ ನಾಲ್ಕೂ ದಿಕ್ಕಿಗೆ ಕವಲೊಡೆದಿದ್ದವು, ಉಂಡೆವು. ಹಾಸಿಗೆ ಹಿಡಿದಿದ್ದ ಅತ್ತೆ ಅಲ್ಲಿಂದಲೇ "ಒರಸಿ ಬಿಡಬಾರದೇನ" ಎಂದು ಗೊಣಗುತ್ತಿದ್ದಳು. ನನಗೆ ಇದ್ದದ್ದು ಒಂದೇ ಚಿಂತೆ. ನನ್ನದೇನೋ ಎದ್ದಿತು, ಅವಳದು? ಈ ಮುದಿ ತೋಳಿಗೆ ಎದ್ದು ಆಗಬೇಕಾದದ್ದೇನು? ನನ್ನದು ಇಳಿದು ಅವಳದು ಏಳಲಿ ಎಂದು ಬೇಡಿಕೊಂಡೆ. ಯಾರಿಗೆ ಬೇಡಿಕೊಂಡೆ ಎನ್ನುತ್ತೀರೋ, ಪೋಚಮ್ಮನಿಗೇ. ಮತ್ಯಾರ ಪರಿಚಯವಿತ್ತು ನನಗೆ?

ಹತ್ತನೇ ದಿನ ಕಾರ್ಡು ಬಂತು. ಓದಿಕೊಡಲೇ ಎಂದ ಪೋಸ್ಟಿನವನಿಗೆ ಬೇಡವೆಂದು ಹೊಸ್ತಿಲ ಮೇಲೆ ಕುಳಿತು ನಾನೇ ಅಕ್ಷರ ಕೂಡಿಸಿದೆ. ಮಗಳು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು: "ಅವ್ವಾ, ಟೀಕಾ ಎದ್ದದ. ರೂಮು ಸಿಕ್ಕದ. ಒಂದು ಪಾಠನೂ ತಪ್ಪಿಲ್ಲ. ನಿನ್ನ ತೋಳು ಹೆಂಗದ?"

ಕೊನೆಯ ಸಾಲನ್ನು ಎರಡು ಸಲ ಓದಿದೆ. ಒಳಗಿನಿಂದ ಅತ್ತೆ, "ಯಾರ ಸತ್ರು?" ಎಂದಳು, ಕಾರ್ಡು ಬರುವುದು ಅದಕ್ಕೇ ಎಂದು ಅವಳ ನಂಬಿಕೆ.

"ಯಾರೂ ಸತ್ತಿಲ್ಲ ಅತ್ತಿ. ಟೀಕಾ ಎದ್ದದ!"

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಟೀಕಾದವನು ಕೆಟ್ಟವನಲ್ಲ. ಆದರೆ ಅವನು ಚುಚ್ಚಿ ಮುಂದಿನ ಮನೆಗೆ ಹೋಗುತ್ತಿದ್ದ. ಜ್ವರದ ಕೂಸು, ನಿಂತ ಕೆಲಸ, ತಪ್ಪಿದ ಮದುವೆ ಎಲ್ಲ ನಮ್ಮ ಪಾಲಿಗೆ. ಆ ಹಾಸ್ಟೆಲಿನವರು ಚುಚ್ಚಿದ ಮೇಲೆ ಜ್ವರ ಇಳಿಯುವ ತನಕ ಕಿಟಕಿಯ ಹೊರಗೆ ಕುಳಿತರು. ಹಾಗೆ ಯಾರಾದರೂ ಕುಳಿತಿದ್ದರೆ ನಾನು ಒರೆಸುತ್ತಿರಲಿಲ್ಲ ಎಂದು ಹೇಳಲು ಆಸೆ; ಆದರೆ ಮದುವೆ ಇತ್ತಲ್ಲ, ಖಾತ್ರಿ ಹೇಳಲಾರೆ.

ಈಗ ಸಿಡುಬೇ ಇಲ್ಲವಂತೆ. ಮಹಾನಂದಾ ಬಾಣಂತನಕ್ಕೆ ಬಂದಿದ್ದಾಳೆ; ಮೊಮ್ಮಗಳಿಗೆ ಒಂದೂವರೆ ತಿಂಗಳು. ಹುಟ್ಟಿದಾಗ ಆಸ್ಪತ್ರೆಯಲ್ಲಿ ಹಾಕಿದ ಕ್ಷಯದ ಸೂಜಿ ಈಗ ಎಡತೋಳಿನ ಮೇಲೆ ಮೊಡವೆಯಂತೆ ಎದ್ದು ತುಸು ಒಸರುತ್ತಿದೆ. ನಿನ್ನೆ ಪಕ್ಕದ ಮನೆಯಾಕೆ ನೋಡಿ, "ಕೀವು ಕೂತದ ಎಕ್ಕಾ, ಅರಿಷಿಣ ಹಚ್ಚಿ ಒರಸಿಬಿಡು," ಎಂದಳು. ಮಗಳು ನನ್ನ ಕೈಯನ್ನೇ ನೋಡಿದಳು. ನಾನು ಎದ್ದು ನಿಂತು, ಸೆರಗನ್ನು ಟೊಂಕಕ್ಕೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಕೂಸನ್ನು ಎತ್ತಿಕೊಂಡೆ.

ಆ ಕೂಸೋ, ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಈ ಕಥೆ ಕೇಳಿತ್ತೋ ಏನೋ, ಅದೇ ಹೊತ್ತಿಗೆ ಬಾಯಿ ತುಂಬ ಹಾಲು ಕಕ್ಕಿತು. ಗಲ್ಲದಿಂದ ಹಾಲು ಕುತ್ತಿಗೆಗೆ ಇಳಿಯುತ್ತಿದೆ, ನನ್ನ ಸೆರಗು ಗಂಟಿನಲ್ಲಿದೆ. ಮಹಾನಂದಾ ಹೆಗಲಿನ ಪಿನ್ನು ತೆಗೆದು, ಇಸ್ತ್ರಿ ಮಾಡಿದ ತನ್ನ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು.

ಹಾಲನ್ನಷ್ಟೇ ಒರೆಸಿದೆ.